ಮೂರನೇ ಗೇರಿನ ಬ್ರೆಡ್ಡು

ಎಲ್ಲರೂ ಮಲಗಿದ ಮೇಲೆ ಕೆಳಗಿನಿಂದ ಒಂದು ಸಣ್ಣ ಸದ್ದು ಬರತೊಡಗಿತು. ಗುಂಯ್ ಎಂದು, ಸೀಸೆಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ಫ್ರಿಜ್ಜಿನದಲ್ಲ, ಫ್ರಿಜ್ಜಿನ ಸದ್ದು ಅವಳಿಗೆ ಗೊತ್ತು. ನೀರಿನ ಪಂಪಿನದೂ ಅಲ್ಲ. ಪಂಪು ಕೆಟ್ಟು ವಾರವಾಗಿತ್ತು.

ಅವಳು ಎದ್ದು ಮೊದಲು ಪಕ್ಕದ ಕೋಣೆಗೆ ಇಣುಕಿದಳು. ತುಂಬು ಬಸುರಿ ತಂಗಿ ಎಡಮಗ್ಗುಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಆಮೇಲೆ ಕಿಟಕಿ ತೆರೆದು ನೋಡಿದಳು. ಕೆಳಗೆ ಸಾಲಾಗಿ ನಿಂತ ಗಾಡಿಗಳ ನಡುವೆ ಸದ್ದು ಮಾಡುತ್ತಿದ್ದುದು ತಮ್ಮದೇ ಕಾರು. ಒಳಗೆ ಯಾರೂ ಇರಲಿಲ್ಲ. ಅದರ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ತಣ್ಣಗೆ ನೇತಾಡುತ್ತಿತ್ತು.

"ರೀ, ಏಳಿ. ಗಾಡಿ ತಾನೇ ಓಡ್ತಿದೆ."

ಆಗಷ್ಟೇ ಗಾಡಿ ನಿಲ್ಲಿಸಿ ಬಂದು ಮಲಗಿದ್ದ ಗಂಡನಿಗೆ ನಿದ್ದೆ ಬಂದಿರಲಿಲ್ಲ. ನಿಜವಾಗಿ ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲ.

"ಓಡ್ತಿಲ್ಲ. ಅದು ಫ್ಯಾನು."

"ಗಾಡಿಗೆ ಸೆಕೆನಾ?"

"ಪ್ರೀಮಿಯಂ ಗಾಡಿ ಅದು. ಹಾಗೆಲ್ಲ ಇರುತ್ತೆ. ಮಲಗು."

ಕಾರು ಬಂದಾಗಿನಿಂದ ಆ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಇದೇ ಉತ್ತರ. ಸೀಟು ಯಾಕೆ ಇಷ್ಟು ಗಟ್ಟಿ? ಪ್ರೀಮಿಯಂ. ಸಿಗ್ನಲ್ಲಿನಲ್ಲಿ ಎಂಜಿನ್ ಯಾಕೆ ಉಸಿರು ನಿಂತ ಹಾಗೆ ನಿಂತುಹೋಗುತ್ತದೆ? ಪ್ರೀಮಿಯಂ. ಬೆಳಿಗ್ಗೆ ಶುರು ಮಾಡಿದಾಗ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಯಾಕೆ ಟಕಟಕ ಅನ್ನುತ್ತದೆ? ಡೀಸೆಲ್ ಅಲ್ಲವೇ, ಅದೂ ಪ್ರೀಮಿಯಂ. ಗಂಡ ತೂಕ ಮತ್ತು ಅಳತೆ ಕಚೇರಿಯಲ್ಲಿ ಮುಖ್ಯ ಗುಮಾಸ್ತ. ಊರಿನ ತಕ್ಕಡಿಗಳೆಲ್ಲ ಸರಿಯಾಗಿವೆ ಎಂದು ಮುದ್ರೆ ಒತ್ತಿಸುವ ಕೆಲಸ. ಅಂಥವರು ಕಾರು ಕೊಂಡರೆ ಬರೀ ಕೂತು ಓಡಿಸಲು ಸಾಧ್ಯವೇ? ಮನೆಗೆ ಬಂದ ನೆಂಟರಿಗೆ ಕಾಫಿಗೂ ಮುಂಚೆ ಕಾರಿನ ಬಾಗಿಲು ಹಾಕಿ ತೆಗೆಯುವ ಅವಕಾಶ ಸಿಗುತ್ತಿತ್ತು.

"ಹಾಕಿ ನೋಡಿ. ಧಪ್! ಕೇಳಿಸ್ತಾ? ಬೇರೆ ಗಾಡಿ ಆದ್ರೆ ಟಿಣ್ ಅನ್ನುತ್ತೆ. ಇನ್ನೊಂದ್ಸಲ ಹಾಕಿ."

ಆಮೇಲೆ ಟರ್ಬೊ. ಹೊರಗೆ ಹೋಗುವ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ, ವ್ಯರ್ಥವಾಗಿ ಹೋಗುವ ಉಸಿರಿಗೂ ಕೆಲಸ ಕೊಟ್ಟಿದ್ದಾರೆ ನೋಡಿ ಎಂದು ಅವರು ಕೈಯಾಡಿಸಿ ವಿವರಿಸುವಾಗ ಟರ್ಬೊ ಅವರೇ ಕಂಡುಹಿಡಿದದ್ದು ಎನಿಸುತ್ತಿತ್ತು. ಹೇಳದೇ ಬಿಡುತ್ತಿದ್ದ ಸಂಗತಿ ಒಂದೇ: ಆ ಟರ್ಬೊ ಕಂಡರೆ ಅವರಿಗೆ ಜೀವ ಹೋಗುವಷ್ಟು ಹೆದರಿಕೆ. ನಿಧಾನವಾಗಿ ಹೋಗುವಾಗ ಅದು ನಿದ್ದೆಯಲ್ಲಿರುತ್ತದೆ. ಪೆಡಲ್ಲು ಒತ್ತಿ ಮುಳ್ಳು ಮೇಲೇರಿತೋ, ಒಂದು ಗಳಿಗೆ ಯೋಚಿಸಿ, ದಡಕ್ಕನೆ ಎದ್ದು ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ ನೂಕುತ್ತದೆ. ಮೊದಲ ದಿನ ಹಾಗೆ ನೂಕಿದಾಗ ಗಂಡ ಹಿಂದಿನ ಸೀಟಿನ ಕಡೆ ತಿರುಗಿ "ಯಾರದು?" ಎಂದಿದ್ದರು.

ಅಂದಿನಿಂದ ಟರ್ಬೊವನ್ನು ಎಬ್ಬಿಸುವ ಗೋಜಿಗೆ ಅವರು ಹೋಗಿರಲಿಲ್ಲ. ಸೈಕಲ್ಲುಗಳು ಹಿಂದೆ ಹಾಕಿ ಹೋಗಲಿ, ನಾಯಿಗಳು ಪಕ್ಕದಲ್ಲಿ ನಡೆದು ಬರಲಿ, ಗಾಡಿ ಮಾತ್ರ ನಿದ್ದೆಯ ಮಗುವನ್ನು ಹೊತ್ತ ಹಾಗೆ ಸಾಗುತ್ತಿತ್ತು. ಇದರಿಂದ ಒಂದು ಲಾಭವೂ ಆಯಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ತೋರಿಸುವ ಅಂಕಿ ಏರುತ್ತ ಏರುತ್ತ ಇಪ್ಪತ್ತಾರಕ್ಕೆ ಬಂದು ನಿಂತಿತು. ಗಂಡ ಆ ಅಂಕಿಯನ್ನು ಮೆಟ್ಟಿಲಲ್ಲಿ, ಕಚೇರಿಯ ಲಿಫ್ಟಿನಲ್ಲಿ, ಒಮ್ಮೆ ಒಬ್ಬರ ಸಾವಿನ ಮನೆಯಲ್ಲಿಯೂ ಹೇಳಿದರು. ವಠಾರದ ಮಕ್ಕಳು ಅವರನ್ನು ಲೀಟರ್ ಸಾರ್ ಎಂದು ಕರೆಯತೊಡಗಿದವು.

ಇದನ್ನೆಲ್ಲ ನಂಬದೆ ಉಳಿದವನು ತಂಗಿಯ ಗಂಡ ಒಬ್ಬನೇ. ಅವನು ಬೇರೆ ಊರಿನಲ್ಲಿ ಸೇತುವೆ ಕಟ್ಟಿಸುವ ಎಂಜಿನಿಯರ್.

"ಭಾವ, ನಿಮ್ಮ ಆಫೀಸು ಕೂಗಿದ್ರೆ ಕೇಳಿಸೋ ದೂರದಲ್ಲಿದೆ. ಡೀಸೆಲ್ ಗಾಡಿ ದೂರ ಓಡೋರಿಗೆ. ಪೆಟ್ರೋಲ್ ತಗೊಳ್ಳಿ," ಎಂದು ಮೊದಲೇ ಹೇಳಿದ್ದ.

"ಸೇತುವೆಯೋರು ಸೇತುವೆ ನೋಡ್ಕೊಳ್ಳಲಿ," ಎಂದಿದ್ದರು ಗಂಡ.

ತಂಗಿಯ ಹೆರಿಗೆ ಈ ಊರಿನ ಆಸ್ಪತ್ರೆಯಲ್ಲಿ ಎಂದು ತೀರ್ಮಾನವಾದಾಗ, ಬೈಪಾಸಿನ ಆಚೆ ತುದಿಯ ಆ ಆಸ್ಪತ್ರೆಗೆ ಹೋಗಲು ಬಾಡಿಗೆ ಗಾಡಿಯೊಂದನ್ನು ಗೊತ್ತು ಮಾಡಿಡೋಣ ಎಂದೂ ಅವನೇ ಹೇಳಿದ. ಗಂಡನ ಮುಖ ಕೆಂಪಾಯಿತು. "ಮನೇಲಿ ಪ್ರೀಮಿಯಂ ಗಾಡಿ ನಿಲ್ಲಿಸ್ಕೊಂಡು ಬಾಡಿಗೆ ಗಾಡೀಲಿ ಹೆರಿಗೆಗೆ ಹೋಗೋದಾ?" ಅವಳೂ ಸೇರಿಕೊಂಡು, "ಅವಳು ನನ್ನ ಜವಾಬ್ದಾರಿ, ನೀವು ನಿಶ್ಚಿಂತೆಯಾಗಿರಿ," ಎಂದು ಮಾತು ಕೊಟ್ಟುಬಿಟ್ಟಳು. ತಂಗಿಗೆ ರಕ್ತದೊತ್ತಡ ಹೆಚ್ಚು. ನೋವು ಶುರುವಾದರೆ ತಡ ಮಾಡಬೇಡಿ, ತಕ್ಷಣ ಕರೆತನ್ನಿ ಎಂದು ಡಾಕ್ಟರು ಎರಡೆರಡು ಸಲ ಎಚ್ಚರಿಸಿದ್ದರು. ಅಂದಿನಿಂದ ಅವಳು ಒಂದು ಕಿವಿಯನ್ನು ತಂಗಿಯ ಕೋಣೆಯ ಕಡೆಗೇ ಇಟ್ಟು ಮಲಗುತ್ತಿದ್ದಳು. ಈಗ ಇನ್ನೊಂದು ಕಿವಿಗೂ ಕೆಲಸ ಬಂತು.

ಮರುದಿನ ಬೆಳಿಗ್ಗೆ ಗಂಡ ತಲೆ ಬಾಚಿಕೊಂಡು, ಕಾರಿನ ಕೀಲಿ ಹಿಡಿದು ಹೊರಟರು.

"ಎಲ್ಲಿಗೆ?"

"ಬ್ರೆಡ್ ತರ್ತೀನಿ."

ಅವರು ಹುಟ್ಟಿದಾಗಿನಿಂದ ಯಾರೂ ಹೇಳದೆ ಒಂದು ಬೆಂಕಿಪೊಟ್ಟಣವನ್ನೂ ತಂದವರಲ್ಲ. ಅರ್ಧ ಗಂಟೆ ಕಳೆದು, ಮುಕ್ಕಾಲು ಗಂಟೆಯಾದ ಮೇಲೆ ಬೆವರೊರೆಸಿಕೊಳ್ಳುತ್ತ ಬ್ರೆಡ್ಡಿನೊಂದಿಗೆ ಬಂದರು.

"ಅಂಗಡಿ ಮೂಲೆಲೇ ಇದೆಯಲ್ರೀ?"

"ಬಿಸಿ ಬ್ರೆಡ್‌ಗೆ ಕಾಯ್ತಿದ್ದೆ."

ಅವಳು ಪೊಟ್ಟಣ ತಿರುಗಿಸಿ ನೋಡಿದಳು. "ಇದು ಮೊನ್ನೆಯದು."

"ಹೌದಾ? ಅದಕ್ಕೇ ಇಷ್ಟು ಹೊತ್ತು ಕಾಯಿಸಿದ್ದು ಅನ್ಸುತ್ತೆ," ಎಂದು ಅವರು ಸ್ನಾನದ ಮನೆ ಸೇರಿ ಬಾಗಿಲು ಹಾಕಿಕೊಂಡರು.

ಹೀಗೆ ದಿನವೂ ನಡೆಯಿತು. ಅಡುಗೆಮನೆಯ ಕಪಾಟಿನಲ್ಲಿ ಬ್ರೆಡ್ಡು ಇಟ್ಟಿಗೆಯಂತೆ ಏರತೊಡಗಿತು. ತಂಗಿ ಬೆಳಿಗ್ಗೆ ಬ್ರೆಡ್ಡು, ಸಂಜೆ ಬ್ರೆಡ್ಡು ತಿಂದು, "ಅಕ್ಕ, ಮಗು ಹುಟ್ಟುವಾಗಲೇ ಸ್ಲೈಸ್ ಆಗಿ ಬರುತ್ತೆ," ಎಂದಳು.

ಮಾತ್ರೆ ತರಲು ಒಂದು ಸಂಜೆ ಅವಳೂ ಕಾರಿನಲ್ಲಿ ಕೂತಳು. ಸ್ಟೀರಿಂಗಿನ ಹಿಂದೆ ಒಂದು ಕಿತ್ತಳೆ ಬಣ್ಣದ ದೀಪ ಉರಿಯುತ್ತಿತ್ತು. ಪುಟ್ಟ ಪೆಟ್ಟಿಗೆಯ ಚಿತ್ರ, ಅದರೊಳಗೆ ಚುಕ್ಕಿಗಳು.

"ಇದೇನ್ರೀ ಹೊಸ ದೀಪ?"

"ಅದಾ? ಎಲ್ಲ ಸರಿಯಾಗಿದೆ ಅಂತ ತೋರಿಸೋದು."

"ಸರಿಯಾಗಿದ್ರೆ ಹಸಿರು ಇರಬೇಕಲ್ವಾ?"

ಮರುದಿನ ನೋಡಿದರೆ ಆ ಜಾಗದ ಮೇಲೆ ಗಂಡನ ಕಚೇರಿಯ ದುಂಡನೆಯ ಸ್ಟಿಕ್ಕರ್ ಅಂಟಿಕೊಂಡಿತ್ತು. ತಕ್ಕಡಿಗಳ ಮೇಲೆ ಹಚ್ಚುವಂಥದು. 'ಪರಿಶೀಲಿಸಲಾಗಿದೆ' ಎಂದು ಬರೆದಿತ್ತು.

ಅಷ್ಟು ಹೊತ್ತಿಗೆ ಕೆಳಮನೆಯ ಫೈರ್ ಸಾಹೇಬರ ಮೂಗಿಗೆ ವಿಷಯ ತಲುಪಿತು. ಅವರು ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು. ಯಾರ ಮನೆಯಲ್ಲಿ ಊದುಬತ್ತಿ ಹಚ್ಚಿದರೂ ಬಾಗಿಲು ತಟ್ಟುತ್ತಿದ್ದರು. ಆ ಬೆಳಿಗ್ಗೆ ಗಂಡ ಬ್ರೆಡ್ಡು ಹಿಡಿದು ಕಾರಿನಿಂದ ಇಳಿಯುವಾಗ ಅವರು ಮರಳು ತುಂಬಿದ ಬಕೆಟ್ಟಿನೊಂದಿಗೆ ಕಾದು ನಿಂತಿದ್ದರು.

"ಯಾರೂ ಹತ್ರ ಬರಬೇಡಿ! ಲೀಟರ್ ಸಾರ್, ಗಾಡಿ ಬಿಟ್ಟು ಹಿಂದೆ ಸರೀರಿ!"

"ಏನಾಯ್ತು ಸಾರ್?"

"ನೀವು ಹೇಳಿ ಏನಾಯ್ತು ಅಂತ. ಎಂಜಿನ್ ಆಫ್, ಫ್ಯಾನ್ ಆನ್. ಅಡಿಯಿಂದ ಝಳ. ಸುಟ್ಟ ವಾಸನೆ. ಇದು ಹೊಗೆ ತಿಂದು ಬೆಳೆದ ಮೂಗು ಸಾರ್, ಸುಳ್ಳು ಹೇಳಲ್ಲ. ಒಳಗೆ ಏನೋ ಉರೀತಿದೆ!"

"ಬೆಚ್ಚಗಾಗಿದೆ ಅಷ್ಟೇ. ಪ್ರೀಮಿಯಂ ಗಾ..."

"ಸ್ಕೂಟರ್ ಎಲ್ಲ ಆಚೆ ತೆಗೀರಿ!" ಎಂದು ಸಾಹೇಬರು ಕೂಗಿದ್ದೇ, ಮೂರು ಮಹಡಿಯ ಜನ ಮೆಟ್ಟಿಲಿಳಿದರು. ಒಬ್ಬರು ಟಿವಿಯನ್ನೇ ಎತ್ತಿಕೊಂಡು ಬಂದರು.

ಆ ಗಲಾಟೆಯಲ್ಲಿ ಸಾಹೇಬರ ಹೆಂಡತಿ ಅವಳನ್ನು ಪಕ್ಕಕ್ಕೆ ಎಳೆದರು. "ಬೇಜಾರು ಮಾಡ್ಕೋಬೇಡಮ್ಮ. ನನ್ನ ತಮ್ಮ ಬೈಪಾಸಲ್ಲಿ ನೋಡಿದ್ನಂತೆ, ನಿಮ್ಮ ಯಜಮಾನ್ರನ್ನ. ನರ್ಸುಗಳ ಹಾಸ್ಟೆಲ್ ಮುಂದೆ. ಹೋಗೋದು, ತಿರುಗೋದು, ಬರೋದು. ಮತ್ತೆ ಹೋಗೋದು, ತಿರುಗೋದು, ಬರೋದು."

"ಬ್ರೆಡ್ ತರೋಕೆ ಹೋಗಿದ್ರು," ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಅದು ನಂಬುವಂತೆ ಕೇಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಗಂಡ ಹೊರಟರು, ಅವಳು ತಡೆಯಲಿಲ್ಲ. ಹಿಂತಿರುಗಿ ಬರಲಿ, ಇವತ್ತು ಬಾಯಿ ಬಿಡಿಸದೆ ಬಿಡುವುದಿಲ್ಲ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಆಗಲೇ ತಂಗಿ ಕೋಣೆಯ ಬಾಗಿಲು ಹಿಡಿದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಶುರುವಾಯ್ತು ಅನ್ಸುತ್ತೆ. ಅನ್ಸೋದೇನು, ಶುರುವಾಯ್ತು."

ಅವಳು ಫೋನು ಹಚ್ಚಿದಳು. ಕಾರಿನಲ್ಲಿ ಫೋನು ತಾನೇ ಸ್ಪೀಕರಿಗೆ ಸೇರಿಕೊಳ್ಳುವ ವ್ಯವಸ್ಥೆಯಿತ್ತು. ಎತ್ತಿದ ಕೂಡಲೇ ಕಿವಿಗೆ ಬಿದ್ದದ್ದು ಒಂದು ಗಡಸು ದನಿ.

"ಟ್ರಾಫಿಕ್ ಪೊಲೀಸ್ ಹೇಳ್ತಿದ್ದೀನಿ, ಮೊದಲು ಎಂಜಿನ್ ಆಫ್ ಮಾಡ್ರೀ!"

"ಆಗಲ್ಲ ಸಾರ್," ಎಂದರು ಗಂಡ.

"ಕೀ ತಿರುಗಿಸಿ."

"ಬಟನ್ ಸಾರ್ ಇದಕ್ಕೆ."

"ಹಾಗಾದ್ರೆ ಬಟನ್ ಒತ್ತಿ!"

"ಒತ್ತಬಾರದು ಸಾರ್. ಮಧ್ಯದಲ್ಲಿ ನಿಲ್ಲಿಸಿದ್ರೆ ಎಲ್ಲಾ ಹಾಳು. ಇನ್ನೊಂದೈದು ನಿಮಿಷ, ದಮ್ಮಯ್ಯ."

"ನೋಡಿದ್ರಾ ಸಾರ್?" ಇದು ಹೆಂಗಸಿನ ದನಿ, ಕಬ್ಬಿಣ ಕಾಯಿಸಿದ ಹಾಗಿತ್ತು. "ನಾನು ಹಾಸ್ಟೆಲ್ ವಾರ್ಡನ್ ಆಗಿ ಎಂಥೆಂಥವರನ್ನೋ ನೋಡಿದ್ದೀನಿ, ಇಂಥವರನ್ನ ನೋಡಿಲ್ಲ. ನಮ್ಮ ಹುಡುಗೀರು ನೈಟ್ ಡ್ಯೂಟಿ ಮುಗಿಸಿ ಮಲಗೋ ಹೊತ್ತಿಗೆ ಬರ್ರ್ ಅಂತ ಹೋಗ್ತಾರೆ, ಬರ್ರ್ ಅಂತ ಬರ್ತಾರೆ. ಮುಖ ನೆಟ್ಟಗೆ. ತುಟಿ ಮಾತ್ರ ಪಿಟಿಪಿಟಿ."

"ಹಿಂದಿನ ಸೀಟಲ್ಲಿ ಏನು?" ಎಂದಿತು ಗಡಸು ದನಿ.

"ಬ್ರೆಡ್ ಸಾರ್."

"ಯಾರಿಗೆ?"

"ಯಾರಿಗೂ ಇಲ್ಲ ಸಾರ್."

ಅವಳು ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು. "ರೀ! ಇವಳಿಗೆ ನೋವು ಶುರುವಾಗಿದೆ!"

ಗಡಸು ದನಿ ಬೆಚ್ಚಿಬಿತ್ತು.

"ಯಾರ್ರೀ ಅದು ಗಾಡಿ ಒಳಗೆ?"

"ನನ್ನ ಹೆಂಡತಿ ಸಾರ್. ಸ್ಪೀಕರಲ್ಲಿ."

"ಯಾರಿಗೆ ನೋವು?"

"ನಾದಿನಿಗೆ ಸಾರ್, ಹೆರಿಗೆ ನೋವು."

"ಅವರ ಗಂಡ ಎಲ್ಲಿ?"

"ಸೇತುವೆ ಮೇಲೆ."

"ಸೇತುವೆ ಮೇಲಾ? ಹಾರ್ತಾರಾ?"

"ಇಲ್ಲ ಸಾರ್, ಕಟ್ತಾರೆ."

"ಎಷ್ಟು ಹೊತ್ತಿಗೊಂದು ಸಲ ನೋವು ಬರ್ತಿದೆಯಮ್ಮ?" ಎಂದಳು ವಾರ್ಡನ್. ಅದೇ ಹೆಂಗಸು, ದನಿ ಮಾತ್ರ ಬೇರೆ. ಅವಳು ತಂಗಿಯನ್ನು ನೋಡಿ ಉತ್ತರ ಹೇಳಿದಳು. ಕಾರಿನ ಬಾಗಿಲು ಧಪ್ ಎಂದದ್ದು ಕೇಳಿಸಿತು. "ಸಾರ್, ನಾನು ಇವರ ಜೊತೆ ಹೋಗ್ತೀನಿ. ಹಾಸ್ಟೆಲ್ಲಿಗೆ ಬರೋಕೆ ಮುಂಚೆ ಹೆರಿಗೆ ವಾರ್ಡಲ್ಲೇ ಇದ್ದವಳು ನಾನು. ನಿಜವಾದ್ರೆ ಅವರನ್ನ ಆಸ್ಪತ್ರೆಗೆ ಸೇರಿಸ್ತೀನಿ. ಸುಳ್ಳಾದ್ರೆ ಇವರನ್ನ ಸ್ಟೇಷನ್ನಿಗೆ ಸೇರಿಸ್ತೀನಿ. ನಡೀರಿ!"

ಕಾರು ಬಂತು. ಗಂಡ ಇಳಿಯಲಿಲ್ಲ, ಎಂಜಿನ್ನೂ ನಿಲ್ಲಲಿಲ್ಲ. ಅವಳು ತಂಗಿಯ ತೋಳು ಹಿಡಿದು ಮೆಟ್ಟಿಲಿಳಿಸಿದರೆ, ಕೆಳಗೆ ಫೈರ್ ಸಾಹೇಬರು ಕೈಯಗಲಿಸಿ ಅಡ್ಡ ನಿಂತಿದ್ದರು.

"ಈ ಗಾಡೀಲಿ ಬಸುರಿ ಹೆಂಗಸನ್ನ ಕೂರಿಸೋ ಹಾಗಿಲ್ಲ! ವಾಸನೆ ನೋಡಿ!"

ವಾರ್ಡನ್ ಇಳಿದು ಅವರ ಕೈಯ ಬಕೆಟ್ಟು ಕಿತ್ತು ನೆಲಕ್ಕಿಟ್ಟಳು. ಆಮೇಲೆ ಅವರನ್ನೂ ಹಾಗೆಯೇ ಎತ್ತಿ ಪಕ್ಕಕ್ಕಿಡುವವಳಂತೆ ನೋಡಿದಳು. ಸಾಹೇಬರು ತಾವಾಗಿಯೇ ಸರಿದರು.

ತಂಗಿ ಮತ್ತು ವಾರ್ಡನ್ ಹಿಂದೆ, ಅವಳು ಮುಂದೆ, ಬ್ರೆಡ್ಡು ಎಲ್ಲರ ಕಾಲಡಿಯಲ್ಲಿ. ಬಸುರಿ ಕೂತ ತಕ್ಷಣ ಗಂಡನಿಗೆ ಹಳೆಯ ಚಾಳಿ ಬಂತು. ಗಾಡಿ ಮೆಲ್ಲಗೆ, ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ ಹೊರಟಿತು. ಮೇಲ್ಸೇತುವೆಯ ಏರು ಬಂದಾಗ ಎಂಜಿನ್ನು ಗುಟುರು ಹಾಕಿ, ಉಸಿರು ಕಟ್ಟಿ, ತೆವಳತೊಡಗಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರನ್ನು ಬಾರಿಸಿದವು. ಗಂಡನ ಕಣ್ಣು ರಸ್ತೆಯ ಮೇಲಿರಲಿಲ್ಲ, ಆ ಸ್ಟಿಕ್ಕರಿನ ಮೇಲಿತ್ತು.

ಹಿಂದಿನಿಂದ ತಂಗಿಯ ನರಳಾಟ ಏರಿತು. ವಾರ್ಡನ್ ಅವಳ ಕೈ ಹಿಡಿದು ಮುಂದಕ್ಕೆ ಬಾಗಿದಳು. "ಒತ್ರೀ!"

"ಒತ್ತಿದ್ರೆ ನೂಕುತ್ತೆ ಮೇಡಮ್."

"ನೂಕಲಿ! ಅದಕ್ಕೇ ಅಲ್ವೇನ್ರೀ ಎಂಜಿನ್ ಇಟ್ಟಿರೋದು? ಮೂರು ಹೊತ್ತೂ ನಮ್ಮ ಹಾಸ್ಟೆಲ್ ಮುಂದೆ ಮಾತ್ರ ಬರ್ರ್ ಅನ್ನುತ್ತಾ ಇದು?"

"ಭಾವ," ಎಂದಳು ತಂಗಿ ಹಲ್ಲು ಕಚ್ಚಿ, "ನಿಮ್ಮ ಮೈಲೇಜಿಗೆ ದೊಡ್ಡ ನಮಸ್ಕಾರ. ಒತ್ತಿ!"

ಗಂಡ ಗೇರು ಮೂರಕ್ಕೆ ಇಳಿಸಿ, ಕಣ್ಣು ಕಿರಿದು ಮಾಡಿ, ಒತ್ತಿದರು.

ಮೊದಲು ಏನೂ ಆಗಲಿಲ್ಲ. ಅವಳು ಸೀಟಿನ ಅಂಚು ಹಿಡಿದಳು. ಆಮೇಲೆ ಎಲ್ಲೋ ಆಳದಲ್ಲಿ ಸಿಳ್ಳೆಯಂಥ ಒಂದು ಸದ್ದು ಹುಟ್ಟಿ, ಸೀಟು ನಾಲ್ವರ ಬೆನ್ನಿಗೂ ಒಟ್ಟಿಗೆ ಗುದ್ದಿತು. ಏರು ಇಲ್ಲವಾಯಿತು. ಹಾರನ್ನುಗಳು ಹಿಂದೆ ಉಳಿದವು. ಇಳಿಜಾರಿನ ತಿರುವಿನಲ್ಲಿ ಅವಳು ಬಾಗಿಲಿಗೆ ಬೀಳುತ್ತೇನೆಂದು ಕೈ ಊರಿದರೆ, ಗಾಡಿ ನೆಲ ಕಚ್ಚಿಕೊಂಡು, ಒಂದಿಷ್ಟೂ ಓಲಾಡದೆ ತಿರುಗಿಬಿಟ್ಟಿತು. ದಿನಾ ಬೈಯುತ್ತಿದ್ದ ಆ ಗಟ್ಟಿ ಸೀಟು, ಬಿಗಿ ಸ್ಟೀರಿಂಗು ಯಾತಕ್ಕೆಂದು ಅವಳಿಗೆ ಆಗ ತಿಳಿಯಿತು. ಗಂಡನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಕಣ್ಣೆದುರಿಗೇ ಅಂಕಿ ಇಳಿಯುತ್ತಿತ್ತು: ಇಪ್ಪತ್ತಾರು ಹೋಗಿ ಹತ್ತೊಂಬತ್ತು, ಹತ್ತೊಂಬತ್ತು ಹೋಗಿ ಹದಿಮೂರು. ಒಂದೊಂದು ಇಳಿದಾಗಲೂ ಅವರು ತಂಗಿಗಿಂತ ಜೋರಾಗಿ ನರಳುತ್ತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಮೂವರನ್ನೂ ಇಳಿಸಿದರು. "ನೀವೂ ಬನ್ನಿ!" ಎಂದಳು ಅವಳು.

"ಇಳೀರಿ, ಇಳೀರಿ. ಆಫ್ ಮಾಡೋ ಹಾಗಿಲ್ಲ. ಈಗ ಬಂದೆ!"

ತಂಗಿಯನ್ನು ಒಳಗೆ ಕರೆದೊಯ್ದ ಮೇಲೆ ಅವಳು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಳು. ಕಿಟಕಿಯಾಚೆ ತಮ್ಮ ನೀಲಿ ಕಾರು ಬರ್ರ್ ಎಂದು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಮೂರನೇ ಸುತ್ತಿಗೆ ಅದರ ಹಿಂದೆ ಸೀಟಿ ಊದುತ್ತ ಸೆಕ್ಯೂರಿಟಿಯವನೂ ಓಡಿದ.

"ಅವರು ಮಗುವಿನ ತಂದೆನಾ?" ಎಂದರು ಹೊರಬಂದ ಡಾಕ್ಟರು.

"ಅಲ್ಲ, ತಂದೆಯ ಷಡ್ಡಕ."

"ಷಡ್ಡಕರೇ ಹೀಗಾದ್ರೆ ತಂದೆ ಬಂದಾಗ ಗೇಟು ಹಾಕಿಸ್ಬೇಕು. ಹೆಣ್ಣು ಮಗು. ತಾಯಿನೂ ಚೆನ್ನಾಗಿದ್ದಾರೆ. ಸರಿಯಾದ ಹೊತ್ತಿಗೆ ತಂದ್ರಿ. ಒತ್ತಡ ಏರೋಕೆ ಶುರುವಾಗಿತ್ತು, ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು."

ಅವಳು ಗೋಡೆಗೆ ಒರಗಿದಳು. ಆಗ ಗಂಡ ಒಳಗೆ ಬಂದರು. ಕೆದರಿದ ತಲೆ, ಅಂಗಿಯೆಲ್ಲ ಬೆವರು, ಮುಖದಲ್ಲಿ ಹಬೆಯಾಡುವ ಸಮಾಧಾನ. ಹಿಂದೆಯೇ ಸೆಕ್ಯೂರಿಟಿಯವನು. ವಾರ್ಡನ್ ಅವನನ್ನು ತಡೆದು, ಕಾರಿಡಾರಿಗೆಲ್ಲ ಕೇಳುವಂತೆ ಹೇಳಿದಳು.

"ಬಿಡಪ್ಪಾ ಅವರನ್ನ. ನಾನೂ ತಪ್ಪು ತಿಳ್ಕೊಂಡಿದ್ದೆ. ದಿನಾ ಬೆಳಿಗ್ಗೆ ಬೈಪಾಸಲ್ಲಿ ಯಾಕೆ ಓಡಿಸ್ತಿದ್ರು ಅಂತ ಈಗ ಅರ್ಥ ಆಯ್ತು. ಈ ಆಸ್ಪತ್ರೆ ದಾರೀನ ಅಭ್ಯಾಸ ಮಾಡ್ತಿದ್ರು, ಪುಣ್ಯಾತ್ಮ!"

ಎಲ್ಲರೂ ಗಂಡನ ಕಡೆ ತಿರುಗಿದರು. ಅವರು ಕೆದರಿದ ತಲೆ ಸವರಿಕೊಂಡರು. "ಅಂದ್ರೆ... ದಾರಿ ಗೊತ್ತಿರಬೇಕಲ್ಲ," ಎಂದರು.

ಅವಳ ಕಣ್ಣು ತುಂಬಿತು. ಬ್ರೆಡ್ಡಿನ ವಿಚಾರಕ್ಕೆ ಈ ಮನುಷ್ಯನನ್ನು ಏನೆಲ್ಲ ಅಂದುಕೊಂಡೆ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಧ್ಯಾಹ್ನ ಸೇತುವೆ ಎಂಜಿನಿಯರ್ ಬಂದಿಳಿದ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ವಾರ್ಡನ್ ಬಾಯಿಂದ ಕಥೆ ಕೇಳಿದ, ಬಂದು ಗಂಡನ ಎರಡೂ ಕೈ ಹಿಡಿದುಕೊಂಡ. "ಭಾವ, ಡೀಸೆಲ್ ಬೇಡ ಅಂದಿದ್ನಲ್ಲ, ನನಗೆ ಬುದ್ಧಿ ಇರಲಿಲ್ಲ. ನಾಳೆನೇ ನಾನೂ ಇದನ್ನೇ ಬುಕ್ ಮಾಡ್ತೀನಿ."

"ಒಳ್ಳೇದು," ಎಂದರು ಗಂಡ ಕ್ಷೀಣವಾಗಿ.

ತಂಗಿಯ ಬಳಿ ವಾರ್ಡನ್ನನ್ನು ಬಿಟ್ಟು, ಸಂಜೆ ಎಂಜಿನಿಯರನೂ ಸೇರಿ ಮೂವರು ಬಟ್ಟೆಬರೆ ತರಲು ಮನೆಗೆ ಬಂದರು. ಗೇಟಿನ ಮುಂದೆ ಕಾರು ನಿಂತಿತು. ಗೇಟು ತೆರೆಯಲು ಗಂಡ ಇಳಿದರು, ನೆರವಿಗೆ ಎಂಜಿನಿಯರನೂ ಇಳಿದ. ಫೈರ್ ಸಾಹೇಬರು ಓಡಿ ಬಂದು ಗಂಡನ ಕೈ ಕುಲುಕತೊಡಗಿದರು. ಮೆಟ್ಟಿಲ ಮೇಲೆ ಮಕ್ಕಳು "ಲೀಟರ್ ಸಾರ್!" ಎಂದು ಚಪ್ಪಾಳೆ ಹೊಡೆದವು.

ಕಾರಿನೊಳಗೆ ಅವಳೊಬ್ಬಳೇ. ಆಗ ಸ್ಪೀಕರಿನಲ್ಲಿ ಫೋನು ಮೊಳಗಿತು. ಆಸ್ಪತ್ರೆಯವರೇನೋ ಎಂದು ಗಾಬರಿಯಿಂದ ಅವಳು ಹಸಿರು ಗುಂಡಿ ಒತ್ತಿದಳು.

"ಸರ್, ಸರ್ವಿಸ್ ಸೆಂಟರಿಂದ," ಎಂದಳೊಬ್ಬ ಹುಡುಗಿ, ನಗುತ್ತಲೇ. "ಆ ಕಿತ್ತಳೆ ದೀಪ ಆರಿತಾ ಸರ್?"

"ಯಾವ ದೀಪ?"

"ಅಯ್ಯೋ, ಮೇಡಮ್ಮಾ? ಸರ್ ಮನೇಲಿ ಹೇಳ್ಬೇಡಿ ಅಂದಿದ್ರು."

"ಹೇಳಿಯಾಗಿದೆ. ಪೂರ್ತಿ ಹೇಳಿಬಿಡಿ."

"ಏನಿಲ್ಲ ಮೇಡಮ್. ಡೀಸೆಲ್ ಹೊಗೆಯ ಮಸಿ ಹಿಡಿಯೋಕೆ ಒಂದು ಫಿಲ್ಟರ್ ಇರುತ್ತೆ. ಗಾಡಿ ಜೋರಾಗಿ ಓಡಿದ್ರೆ ಅದು ಕಾದು, ಮಸಿ ಸುಟ್ಟು ಹೋಗುತ್ತೆ. ಸರ್ ಓಡಿಸೋ ಹಾಗೆ ಓಡಿಸಿದ್ರೆ ಕಟ್ಕೊಳ್ಳುತ್ತೆ. ಗಾಡೀನ ಓಡಿಸ್ತಿದ್ದೀರಾ, ಸಾಕ್ತಿದ್ದೀರಾ ಅಂತ ಕೇಳ್ದೆ ನಾನು. ಮೂರನೇ ಗೇರಲ್ಲಿ, ಎಲ್ಲೂ ನಿಲ್ಲಿಸದೆ, ಖಾಲಿ ರಸ್ತೇಲಿ ಇಪ್ಪತ್ತು ನಿಮಿಷ ಓಡಿಸಿ ಅಂದೆ. ದಿನಾ ಮಧ್ಯದಲ್ಲಿ ಯಾವುದಾದ್ರೂ ಸಿಗ್ನಲ್ ಬಂದು ನಿಂತು ಹೋಗ್ತಿತ್ತಂತೆ. ಮಧ್ಯದಲ್ಲಿ ಆಫ್ ಮಾಡಿದ್ರೆ ಆಮೇಲೂ ಫ್ಯಾನು ತಿರುಗ್ತಾ ಇರುತ್ತೆ, ಸುಟ್ಟ ವಾಸನೆ ಬರುತ್ತೆ. ಹೆದರ್ಕೋಬೇಡಿ."

ಅವಳು ಗಾಜಿನಾಚೆ ನೋಡಿದಳು. ಗಂಡ ಎಡಗೈಯನ್ನು ಆಸ್ಪತ್ರೆಯಾಗಿಯೂ ಬಲಗೈಯನ್ನು ಬೈಪಾಸಾಗಿಯೂ ಮಾಡಿಕೊಂಡು ಸಾಹೇಬರಿಗೆ ತಮ್ಮ ಅಭ್ಯಾಸದ ಕ್ರಮ ವಿವರಿಸುತ್ತಿದ್ದರು.

"ಆ ದೀಪ ಆರದೇ ಹೋಗಿದ್ರೆ?"

"ಗಾಡಿ ತೆವಳೋಕೆ ಶುರು ಮಾಡುತ್ತೆ ಮೇಡಮ್. ಏರು ಹತ್ತೋದು ಕಷ್ಟ."

ಮೇಲ್ಸೇತುವೆಯ ಏರಿನಲ್ಲಿ ಒತ್ತಿದ ಮೇಲೂ ಏನೂ ಆಗದ ಆ ಗಳಿಗೆ ಅವಳಿಗೆ ನೆನಪಾಯಿತು. ಥ್ಯಾಂಕ್ಸ್ ಹೇಳಿ ಫೋನು ಇಟ್ಟಳು. ಬಾಗಿ, ಉಗುರಿನಿಂದ ಸ್ಟಿಕ್ಕರಿನ ಅಂಚು ಎಬ್ಬಿಸಿದಳು. ಒಳಗೆ ಕತ್ತಲು. ದೀಪ ಆರಿತ್ತು.

ಕಿಟಕಿಯ ಹತ್ತಿರ ಎಂಜಿನಿಯರ್ ಬಂದು ಬಾಗಿದ. "ಅಕ್ಕ, ನೀವೇ ಹೇಳಿ. ಇದೇ ಬಣ್ಣ ತಗೊಳ್ಳಲಾ, ಬೇರೆನಾ?"

"ನಿಮ್ಮ ಮನೆಯಿಂದ ಸೇತುವೆ ಎಷ್ಟು ದೂರ?"

"ಪಕ್ಕದಲ್ಲೇ ಅಕ್ಕ. ನಡ್ಕೊಂಡೂ ಹೋಗಬಹುದು."

"ಬಣ್ಣ ಯಾವುದಾದ್ರೂ ತಗೊಳ್ಳಿ. ಪೆಟ್ರೋಲ್ ತಗೊಳ್ಳಿ."

"ಯಾಕಕ್ಕ?"

"ಮಗುವಿಗೆ ಆ ಟಕಟಕ ಸದ್ದಿಗೆ ಎಚ್ಚರವಾಗುತ್ತೆ."

ಅವನು ತಲೆಯಾಡಿಸಿ ಹೋದ. ಗಂಡ ಬಂದು ಸೀಟಿನಲ್ಲಿ ಕೂತು ಬಾಗಿಲು ಧಪ್ ಎಂದು ಎಳೆದುಕೊಂಡರು. "ಯಾರದು ಫೋನು?"

"ಯಾರೋ ಹುಡುಗಿ. ರಾಂಗ್ ನಂಬರ್." ಅವಳು ಸೆರಗು ಸರಿಮಾಡಿಕೊಂಡಳು. "ರೀ, ಭಾನುವಾರ ಭಾನುವಾರ ಎಲ್ಲಾದ್ರೂ ದೂರ ಹೋಗಿ ಬರೋಣ. ಸ್ವಲ್ಪ ಜೋರಾಗೇ ಹೋಗೋಣ. ನಂಗೆ ಇಷ್ಟ ಆಯ್ತು."

ಗಂಡ ಅವಳನ್ನು ಬೆರಗಾಗಿ ನೋಡಿ, ಗಾಡಿಯನ್ನು ಮೆಲ್ಲಗೆ ಒಳಗೆ ತಂದರು. ಅವಳು ತಂಗಿಗೂ ಹೇಳುವುದಿಲ್ಲ, ವಾರ್ಡನ್ನಿಗೂ ಹೇಳುವುದಿಲ್ಲ, ಈ ಮನುಷ್ಯನಿಗಂತೂ ಹೇಳುವುದೇ ಇಲ್ಲ ಎಂದು ನಿಶ್ಚಯಿಸಿ, ಅವರು ಹಿಂದಿನ ಸೀಟಿನಡಿಯ ಬ್ರೆಡ್ಡು ತೆಗೆಯಲು ತಿರುಗಿದ ಹೊತ್ತಿನಲ್ಲಿ, ಎದ್ದಿದ್ದ ಸ್ಟಿಕ್ಕರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು.